ನೆಲ ಹಿಡಿದ ಗಾಲಿ

ಕಾರಿನ ಚಿತ್ರ ತೆಗೆಯುವುದು ಮಕ್ಕಳಾಟವೆಂದು ತಿಳಿದವರೇ ಹೆಚ್ಚು. ಎರಡು ವರ್ತುಲ, ಮೇಲೊಂದು ಪೆಟ್ಟಿಗೆ, ಎರಡು ಕಿಟಕಿ, ಮುಗಿಯಿತು! ನಾನೂ ಹಾಗೆಯೇ ತಿಳಿದಿದ್ದೆನು. ನಮ್ಮ ತಂದೆಯವರು ಚಿಮ್ಮಡದಿಂದ ರಬಕವಿ, ಬನಹಟ್ಟಿಗಳಿಗೆ ಬಾಡಿಗೆಯ ಅಂಬಾಸಿಡರ್ ಓಡಿಸುತ್ತಿದ್ದರು. ಅದು ಮಾರಿಹೋದ ಮೇಲೆ ಮನೆಯಲ್ಲಿ ಅದರದೊಂದು ಫೋಟೋ ಸಹ ಉಳಿದಿರಲಿಲ್ಲ. ನೆನಪಿನಿಂದ ಚಿತ್ರ ಬರೆದು ತೋರಿಸಿದೆನು. ಅವರು ಬಹಳ ಹೊತ್ತು ನೋಡಿ, “ಎಲ್ಲಾ ಐತಿ, ಆದ್ರ ಗಾಡಿ ನೆಲದ ಮ್ಯಾಲ ನಿಂತಿಲ್ಲ” ಎಂದರು. ಆ ಮಾತಿನಿಂದಲೇ ನನ್ನ ಅಭ್ಯಾಸವು ಆರಂಭವಾಯಿತು.

ತಪ್ಪು ಗಾಲಿಯಲ್ಲಿತ್ತು. ಗಾಲಿ ದುಂಡಗಿದೆಯೆಂದು ನಾನು ಬಲ್ಲೆ. ಆದುದರಿಂದ ದುಂಡಗೆ ಬರೆದಿದ್ದೆ. ಆದರೆ ಮೂಲೆಯಿಂದ ನೋಡುವವನಿಗೆ ಗಾಲಿಯು ಒತ್ತಿದ ಬಳೆಯಂತೆ ದೀರ್ಘವೃತ್ತವಾಗಿ ಕಾಣುತ್ತದೆ. ಅದು ಯಾವ ಕಡೆಗೆ ವಾಲಬೇಕು? ಇದನ್ನು ನನಗೆ ಕಲಿಸಿದ್ದು ಹಿತ್ತಲಿನ ಚಕ್ಕಡಿ. ಅದರ ಅಚ್ಚು ಹೊರಗೆ ಕಾಣುತ್ತದೆ. ದೀರ್ಘವೃತ್ತದ ಗಿಡ್ಡ ಅಕ್ಷವು ಯಾವಾಗಲೂ ಆ ಅಚ್ಚಿನ ಗೆರೆಯೊಡನೆ ಹೊಂದುತ್ತದೆ. ಕಾರಿನಲ್ಲಿ ಅಚ್ಚು ಮರೆಯಾಗಿದ್ದರೂ ನಿಯಮ ಅದೇ. ಆದುದರಿಂದ ಮೊದಲು ಅಚ್ಚಿನ ಗೆರೆ, ಅನಂತರ ಗಾಲಿ.

ಎರಡನೆಯದು ನೆಲದ ಗೆರೆ. ಕಬ್ಬಿನ ಹೊಲದ ಸಾಲುಗಳು ದೂರ ಹೋದಂತೆ ಒಂದನ್ನೊಂದು ಕೂಡುವಂತೆ ತೋರುವುದಿಲ್ಲವೇ? ಕಾರಿನ ಗೆರೆಗಳೂ ಹಾಗೆಯೇ. ನೆಲದ ಮೇಲೆ ಕುಳಿತು ನೋಡಿದರೆ, ಒಂದೇ ಪಕ್ಕದ ಎರಡು ಗಾಲಿಗಳು ನೆಲ ಮುಟ್ಟುವ ಗೆರೆಯು ದೂರ ಹೋಗುತ್ತ ಮೇಲೇರುತ್ತದೆ; ಛಾವಣಿಯ ಗೆರೆಯು ಇಳಿಯುತ್ತದೆ. ಎರಡೂ ನಮ್ಮ ಕಣ್ಣಿನ ಮಟ್ಟದಲ್ಲಿ ಕೂಡುತ್ತವೆ. ಕೊನೆಗೆ ಕಾರಿನ ಅಡಿಯ ನೆರಳನ್ನು ಗಾಢವಾಗಿ ತುಂಬಿದರೆ ಗಾಡಿ ನೆಲ ಹಿಡಿಯುತ್ತದೆ.

ಮೂರನೆಯದು ಅಳತೆ. ಇದಕ್ಕೆ ಪಟ್ಟಿ ಬೇಡ, ಗಾಲಿಯೇ ಸಾಕು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರಿನ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 97 ಅಂಗುಲ. ಟೈರು ಸಹಿತ ಗಾಲಿಯ ಎತ್ತರ ಸುಮಾರು 26 ಅಂಗುಲ. ಎಂದರೆ ಅಚ್ಚುಗಳ ನಡುವಿನ ಅಂತರ ಹತ್ತಿರ ಹತ್ತಿರ ಮೂರೂಮುಕ್ಕಾಲು ಗಾಲಿ. 1983ರಲ್ಲಿ ಬಂದ ಮಾರುತಿ 800ರ ಗಾಲಿ ಸುಮಾರು 20 ಅಂಗುಲ. ಅದರಲ್ಲಿ ಈ ಅಂತರ ನಾಲ್ಕೂಕಾಲು ಗಾಲಿ. ಒಂದರ ಗಾಲಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಯಾವ ಕಾರೂ ಗುರುತು ಸಿಗದು. ಈ ಲೆಕ್ಕ ಪಕ್ಕದ ನೋಟಕ್ಕೆ. ಮೂಲೆಯಿಂದ ನೋಡಿದಾಗ ಉದ್ದವು ಕುಗ್ಗುತ್ತದೆಂಬುದನ್ನು ಮರೆಯಬಾರದು.

ಇನ್ನು ಕೈಯ ಮಾತು. ಉದ್ದನೆಯ ಬಾಗುಗೆರೆಯನ್ನು ಮಣಿಕಟ್ಟಿನಿಂದ ಎಳೆದರೆ ಅದು ತುಂಡುತುಂಡಾಗುತ್ತದೆ, ಭುಜದಿಂದ ಎಳೆಯಬೇಕು. ಪೆನ್ಸಿಲನ್ನು ಕಾಗದಕ್ಕೆ ತಾಗಿಸದೆ ಎರಡು ಸಲ ಕೈಯಾಡಿಸಿ, ಮೂರನೆಯ ಸಲ ಒಂದೇ ಉಸಿರಿಗೆ ಎಳೆಯಿರಿ. ರಬ್ಬರು ದೂರವಿರಲಿ. ನಾನು ದಿನಕ್ಕೊಂದು ಪುಟ ದೀರ್ಘವೃತ್ತಗಳನ್ನೇ ಬರೆಯುತ್ತ ಬಂದೆ. ಮೈಸೂರಿನ ಆರ್. ಕೆ. ಲಕ್ಷ್ಮಣರು (1921–2015) ಬಾಲ್ಯದಲ್ಲಿ ಕಿಟಕಿಯಾಚೆ ಕಂಡದ್ದನ್ನೆಲ್ಲ ಬರೆದೇ ಕೈ ಪಳಗಿಸಿಕೊಂಡರು. ನಮಗೆ ಬಸ್ ನಿಲ್ದಾಣದ ಕಟ್ಟೆಯೇ ಕಿಟಕಿಯಾಗಬಹುದು.

ತಿಂಗಳುಗಳ ಮೇಲೆ ಮತ್ತೊಮ್ಮೆ ನಮ್ಮ ಅಂಬಾಸಿಡರನ್ನು ಬರೆದು ತಂದೆಯವರ ಮುಂದಿಟ್ಟೆನು. ಈ ಸಲ ಅವರು ಗಾಲಿಯ ಮಾತನ್ನೇ ಎತ್ತಲಿಲ್ಲ. ಬೆರಳಿನಿಂದ ತೋರಿಸಿ, “ಎಡಗಡೆ ಮಡ್‌ಗಾರ್ಡಿಗೆ ಒಂದು ತಗ್ಗು ಇತ್ತಲ್ಲ, ಅದೆಲ್ಲಿ?” ಎಂದು ಕೇಳಿದರು. ನಾನು ಪೆನ್ಸಿಲು ತಂದು, ಅವರು ಹೇಳಿದಲ್ಲಿ ಆ ತಗ್ಗನ್ನು ಬರೆದೆನು.