ಎಣಿಕೆಯಲ್ಲಿ ಸೋತ ಮೇಲೆ

ಮಗೂ, ನಾಲ್ಕು ಜನ ಏನಂದಾರು ಎಂಬ ಅಂಜಿಕೆಯಲ್ಲೇ ಬೆಳೆದವರು ನಾವು. ಆ ನಾಲ್ಕು ಜನ ಅಂದದ್ದನ್ನು ನಾನು ಶೇಕಡಾವಾರು ಲೆಕ್ಕದಲ್ಲೇ ನೋಡಿದ್ದೇನೆ, ಕ್ಯಾಲಿಫೋರ್ನಿಯಾದಲ್ಲಿ, 2008ರ ನವೆಂಬರ್ 4ರಂದು.

ಆ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಲಿಂಗಿಗಳ ಮದುವೆಗೆ ದಾರಿ ಬಿಟ್ಟಿತ್ತು. ಜೂನ್‌ನಿಂದ ಸುಮಾರು 18,000 ಜೋಡಿಗಳು ಮದುವೆಯಾದವು. ಅದಕ್ಕೆ ತಡೆಯೊಡ್ಡಲು ಜನರ ಮತಕ್ಕೆ ಬಂದದ್ದು ಪ್ರಸ್ತಾಪ 8. ಮದುವೆ ಗಂಡು-ಹೆಣ್ಣಿನ ನಡುವೆ ಮಾತ್ರ ಎಂಬ ಅದರ ಮಾತಿಗೆ ಶೇ. 52ರಷ್ಟು ಜನ 'ಹೌದು' ಎಂದರು. ಮೊಟ್ಟೆಕೋಳಿಗಳಿಗೆ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಿ ಎಂಬ ಇನ್ನೊಂದು ಪ್ರಸ್ತಾಪ ಅದೇ ದಿನ ಸಲೀಸಾಗಿ ಗೆದ್ದಿತು.

ಮರುದಿನ ಆಫೀಸಿನಲ್ಲಿ ಒಬಾಮಾ ಗೆದ್ದ ಸಂಭ್ರಮ. ಆ ಬೇಸಿಗೆಯಲ್ಲಿ ತನ್ನ ಗೆಳತಿಯನ್ನು ಮದುವೆಯಾಗಿದ್ದ ಸಹೋದ್ಯೋಗಿ, ಯಾರೋ ಹಂಚಿದ ಡೋನಟ್ ಕೈಯಲ್ಲೇ ಹಿಡಿದುಕೊಂಡು, "ನಮ್ಮ ಮದುವೆ ಇನ್ನು ನಿಲ್ಲುತ್ತಾ?" ಎಂದು ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಕನ್ನಡದವರು ಸೇರಿದಲ್ಲಿ ಹೇಳಿಕೊಂಡರೆ ಸಿಕ್ಕ ಉತ್ತರ: "ನಮಗ್ಯಾಕೆ ಆ ಉಸಾಬರಿ?"

ಉಸಾಬರಿ ನಮ್ಮದೂ ಹೌದು. 1920ರಲ್ಲಿ ಇದೇ ರಾಜ್ಯದ ಜನ ಹೀಗೇ ಮತ ಹಾಕಿ, ಏಷ್ಯಾದ ವಲಸಿಗರು ಜಮೀನನ್ನು ಗುತ್ತಿಗೆಗೂ ಹಿಡಿಯದಂತೆ ಮಾಡಿದ್ದರು. ಮನೆ ಮಾರುವವರು ತಮಗೆ ಬೇಡವಾದ ಬಣ್ಣದವರಿಗೆ ಇಲ್ಲ ಎನ್ನಬಹುದು ಎಂದು 1964ರಲ್ಲಿ ಮತ ಹಾಕಿದರು. 1967ರಲ್ಲಿ ದೇಶದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಇಂದು ನಮ್ಮವರು ಇಲ್ಲಿನ ಫ್ರೀಮಾಂಟ್‌ನಲ್ಲಿ ಮನೆ ಕೊಂಡು ಹಾಲುಕ್ಕಿಸುವುದು ಅಂಥ ಬಹುಮತಗಳು ಬಿದ್ದುಹೋದದ್ದರಿಂದ. ಆದ್ದರಿಂದ ತಲೆ ಎಣಿಸಿದ ಲೆಕ್ಕವನ್ನು ನಿನ್ನ ಯೋಗ್ಯತೆಯ ಲೆಕ್ಕ ಎಂದುಕೊಳ್ಳಬೇಡ.

ಹಾಗೆಂದು ಕೋರ್ಟನ್ನೇ ನೆಚ್ಚಿ ಕೂರಲೂಬೇಡ. ಆ 18,000 ಮದುವೆಗಳನ್ನು ರಾಜ್ಯದ ಸುಪ್ರೀಂ ಕೋರ್ಟ್ 2009ರಲ್ಲಿ ಉಳಿಸಿತು, ಆದರೆ ನಿಷೇಧವನ್ನೂ ಎತ್ತಿಹಿಡಿಯಿತು. ಹೊಸ ಮದುವೆಗಳು ಮತ್ತೆ ಶುರುವಾಗಲು 2013 ಬರಬೇಕಾಯಿತು. ಜನರ ಮನಸ್ಸು ಅದಕ್ಕೂ ನಿಧಾನ: 2000ದಲ್ಲಿ ಇಂಥದೇ ನಿಷೇಧಕ್ಕೆ ಶೇ. 61 ಮತ ಬಿದ್ದಿತ್ತು, 2008ರಲ್ಲಿ 52. 2024ರಲ್ಲಿ ಶೇ. 62ಕ್ಕೂ ಹೆಚ್ಚು ಜನ ಪ್ರಸ್ತಾಪ 8ರ ಸಾಲನ್ನೇ ರಾಜ್ಯದ ಸಂವಿಧಾನದಿಂದ ಕಿತ್ತುಹಾಕಿದರು.

2008ರಲ್ಲಿ ಅಂಗಳದಲ್ಲಿ 'ಹೌದು' ಎಂಬ ಹಳದಿ ಫಲಕ ನೆಟ್ಟಿದ್ದ ಪಕ್ಕದ ಮನೆಯಾಕೆಗೆ ನಾನು ಸಹೋದ್ಯೋಗಿಯ ಪ್ರಶ್ನೆಯನ್ನು ಬಾಗಿಲಲ್ಲೇ ನಿಂತು ಹೇಳಿದೆ. ಆಕೆ ಒಪ್ಪಲಿಲ್ಲ, ಆದರೆ ಪೂರ್ತಿ ಕೇಳಿಸಿಕೊಂಡಳು. ಬೈದಿದ್ದರೆ ಅದೂ ಇರುತ್ತಿರಲಿಲ್ಲ.

ನಿನ್ನೂರಿನಲ್ಲಿ ಈ ಮದುವೆಯ ಮಾತು ಮತಕ್ಕೇ ಬಂದಿಲ್ಲ; ಅದು ಸಂಸತ್ತಿನ ಕೆಲಸ ಎಂದು 2023ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಹೇಳಿತು. ಸಂಸತ್ತಿಗೆ ಹೋಗುವವರು ಮತ ಕೇಳಲು ನಿನ್ನ ಬಾಗಿಲಿಗೂ ಬರುತ್ತಾರೆ, ಆಗ ಕೇಳು. ನಿನ್ನ ವಿಷಯವನ್ನು ಮನೆಯಲ್ಲಿ ಹೇಳುವ ಹೊತ್ತನ್ನು ನೀನೇ ಆರಿಸಿಕೋ, ಯಾರ ಅವಸರಕ್ಕೂ ಬೀಳಬೇಡ. ನಿಮ್ಮಪ್ಪ ನನ್ನ ತಮ್ಮ, ಅವನ ಹಟ ನನಗೆ ಗೊತ್ತು. ಅವನು ಮುಖ ತಿರುಗಿಸಿದರೆ ನನಗೆ ಫೋನ್ ಮಾಡು. ಊಟ ಬಿಡಬೇಡ, ಅವನೊಂದಿಗೆ ಮಾತೂ ಬಿಡಬೇಡ.