ಅಗ್ಗದ ರಿಸೀವರ್ ಕೊಳ್ಳುವ ಮುನ್ನ

ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಹಾರಿಸಲು ಸ್ಪೆಕ್ಟ್ರಮ್ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರು ಅದೇ ಹೆಸರಿನ ರಿಸೀವರ್ ಕೊಳ್ಳಲೇಬೇಕೆಂದಿಲ್ಲ. ಅದರ ಡಿಎಸ್‌ಎಂಎಕ್ಸ್ ಪ್ರೋಟೋಕಾಲ್‌ಗೆ ಹೊಂದುವ ಲೆಮನ್, ಆರೆಂಜ್‌ಆರ್‌ಎಕ್ಸ್ ರಿಸೀವರ್‌ಗಳು ಎಷ್ಟೋ ಅಗ್ಗ. ಮೈದಾನದೊಳಗೇ ಸುತ್ತುವ ಪುಟ್ಟ ಫೋಮ್ ವಿಮಾನಕ್ಕೆ ಧಾರಾಳವಾಗಿ ಸಾಕು. ಆದರೆ ಪೆಟ್ಟಿಗೆಯ ಮೇಲೆ 2.4 ಗಿಗಾಹರ್ಟ್ಸ್ ಎಂದಿರುವುದನ್ನಷ್ಟೇ ನೋಡಿ ಕೊಳ್ಳಬೇಡಿ. ಫುಟಾಬಾ, ಫ್ಲೈಸ್ಕೈ ಕೂಡ ಅದೇ ತರಂಗಪಟ್ಟಿಯಲ್ಲಿವೆ, ಪ್ರೋಟೋಕಾಲ್ ಮಾತ್ರ ಬೇರೆ.

ರಿಸೀವರ್ ಟ್ರಾನ್ಸ್‌ಮಿಟರ್‌ಗೆ ಬೈಂಡ್ (ಜೋಡಣೆ) ಆದ ಮೇಲೆ ಫೇಲ್‌ಸೇಫ್ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಪ್ರೊಪೆಲ್ಲರ್ ಕಳಚಿ, ವಿಮಾನವನ್ನು ಭದ್ರವಾಗಿ ಹಿಡಿದು, ಥ್ರಾಟಲ್ ಸ್ವಲ್ಪ ಏರಿಸಿ ಟ್ರಾನ್ಸ್‌ಮಿಟರ್ ಆರಿಸಿ. ಮೋಟಾರು ನಿಲ್ಲಲೇಬೇಕು. ತಿರುಗುತ್ತಲೇ ಇದ್ದರೆ, ಸಂಕೇತ ಕಡಿದುಹೋದ ವಿಮಾನ ಯಾರ ಮೇಲೆ ನುಗ್ಗೀತೆಂದು ಒಮ್ಮೆ ಯೋಚಿಸಿ. ಬಳಿಕ ಟ್ರಾನ್ಸ್‌ಮಿಟರ್ ಮತ್ತೆ ಆನ್ ಮಾಡಿ, ರೇಂಜ್ ಚೆಕ್ ಒತ್ತಿ, ಸ್ಪೆಕ್ಟ್ರಮ್ ಕೈಪಿಡಿ ಹೇಳುವಂತೆ 30 ಹೆಜ್ಜೆ ದೂರ ಹೋಗಿ. ಸರ್ವೋಗಳು ತಡವರಿಸಿದರೆ ಅಂದು ಹಾರಿಸುವುದು ಬೇಡ. ಆಂಟೆನಾದ ತುದಿಯ ಸುಮಾರು 31 ಮಿಲಿಮೀಟರ್ ತಂತಿಯೇ ಸಂಕೇತ ಹಿಡಿಯುವ ಭಾಗ. ಅದನ್ನು ಕತ್ತರಿಸಬೇಡಿ, ಕಾರ್ಬನ್ ಫೈಬರ್ ಪಕ್ಕ ಹುದುಗಿಸಬೇಡಿ.

ಟರ್ಬೈನ್ ಜೆಟ್, ದೊಡ್ಡ ಪೆಟ್ರೋಲ್ ವಿಮಾನಗಳ ಲೆಕ್ಕವೇ ಬೇರೆ. ಅವುಗಳಿಗೆ ಹೆಚ್ಚುವರಿ ಸ್ಯಾಟಲೈಟ್ ರಿಸೀವರ್ ಜೋಡಿಸಬಹುದಾದ ಸ್ಪೆಕ್ಟ್ರಮ್ ಕಂಪನಿಯ ಮೂಲ ರಿಸೀವರನ್ನೇ ಹಾಕಿ, ಬೆಲೆ ಎಷ್ಟಾದರೂ ಸರಿ.