ಮುಲ್ಲರ್ ಎಂದರೆ ಏನು?

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಯಾರಿಗಾದರೂ ಕಾಯಿಲೆ ಜೋರಾದರೆ "ಕಂಕನಾಡಿಗೆ ಕೊಂಡುಹೋಗಿ, ಮುಲ್ಲರ್ ಆಸ್ಪತ್ರೆಗೆ" ಅಂತ ಹೇಳುವುದುಂಟು. ಮುಲ್ಲರ್ ಅಂದರೆ ಯಾವುದೋ ಔಷಧಿಯ ಹೆಸರು ಅಂತ ನಾನು ತಿಳಿದಿದ್ದೆ. ಅದು ಔಷಧಿಯಲ್ಲ, ಜರ್ಮನಿಯ ಒಂದು ಮನೆತನದ ಹೆಸರು.

ಫಾದರ್ ಆಗಸ್ಟಸ್ ಮುಲ್ಲರ್ ಜರ್ಮನಿಯಲ್ಲಿ 1841ರಲ್ಲಿ ಹುಟ್ಟಿದವರು. 1878ರ ಕೊನೆಗೆ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. ಕುಷ್ಠರೋಗಿಗಳನ್ನು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲದಲ್ಲಿ, 1890ರಲ್ಲಿ, ಅವರಿಗಾಗಿ ಆಸ್ಪತ್ರೆ ಕಟ್ಟಿಸಿದರು. 1910ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು.

ಈಗ ಹೆಸರಿಗೆ ಬರೋಣ. ಜರ್ಮನ್ ಭಾಷೆಯಲ್ಲಿ 'ಮ್ಯುಲ್ಲರ್' ಅಂದರೆ ಹಿಟ್ಟಿನ ಗಿರಣಿಯವನು. ನಮ್ಮ ಬಾಯಲ್ಲಿ ಅದು ಮುಲ್ಲರ್ ಆಯಿತು. ಹಿಂದೆ ಅಲ್ಲಿ ಒಬ್ಬನಿಗೆ ಒಂದೇ ಹೆಸರು ಇತ್ತು. ಊರು ಬೆಳೆದ ಹಾಗೆ ಒಂದೇ ಹೆಸರಿನವರು ಹೆಚ್ಚಾದರು. ನಮ್ಮಲ್ಲಿ 'ಅಂಗಡಿ ಬಾಬಣ್ಣ', 'ತೋಟದಮನೆ ಬಾಬಣ್ಣ' ಅಂತ ಗುರುತು ಹಿಡಿಯುವುದಿಲ್ಲವೇ? ಹಾಗೆಯೇ ಅಲ್ಲಿ 'ಗಿರಣಿಯ ಯೋಹಾನ್' ಅಂದರು. ಸುಮಾರು 12ನೇ ಶತಮಾನದಿಂದ ಮುಂದಕ್ಕೆ ಇಂಥ ಗುರುತುಗಳು ನಿಧಾನವಾಗಿ ತಂದೆಯಿಂದ ಮಕ್ಕಳಿಗೆ ಬರುವ ಹೆಸರುಗಳಾದವು.

ಇಂದು ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗೆ ಇರುವ ಮನೆತನದ ಹೆಸರು ಮ್ಯುಲ್ಲರ್. ಸ್ವಿಟ್ಜರ್ಲೆಂಡಿನಲ್ಲೂ ಅದೇ ಮೊದಲು. ಹಾಗಂತ ಅವರೆಲ್ಲ ಒಂದೇ ಕುಟುಂಬದವರಲ್ಲ. ನೀರಿನಿಂದ ತಿರುಗುವ ಗಿರಣಿಗಳು ಊರೂರಲ್ಲಿ ಇದ್ದವು. ಊರೂರಲ್ಲಿ ಈ ಹೆಸರು ಬೇರೆ ಬೇರೆಯಾಗಿ ಹುಟ್ಟಿತು. ಉತ್ತರ ಜರ್ಮನಿಯಲ್ಲಿ ಅದು ಮೋಲ್ಲರ್ ಆಯಿತು. ಅಮೆರಿಕಕ್ಕೆ ಹೋದ ಎಷ್ಟೋ ಮ್ಯುಲ್ಲರರು ಮಿಲ್ಲರ್ ಆದರು. ಬೇರೆ ಕಸುಬಿನ ಹೆಸರುಗಳೂ ಉಂಟು: ಶ್ಮಿಟ್ ಅಂದರೆ ಕಮ್ಮಾರ, ಶ್ನೈಡರ್ ದರ್ಜಿ, ಫಿಶರ್ ಮೀನುಗಾರ, ವೇಬರ್ ನೇಕಾರ, ಟೊಪ್ಫರ್ ಕುಂಬಾರ.

ನನಗೆ ಆಶ್ಚರ್ಯವಾದ ಸಂಗತಿ ಇನ್ನೊಂದು. ಆ ಕಾಲದಲ್ಲಿ ಗಿರಣಿಯವನಿಗೆ ಮರ್ಯಾದೆ ಕಡಿಮೆ. ಹಿಟ್ಟು ಕದಿಯುತ್ತಾನೆ ಎಂದು ಜನ ಸಂಶಯಪಡುತ್ತಿದ್ದರು. ಕೆಲವು ಪಟ್ಟಣಗಳಲ್ಲಿ ಅವನ ಮಗನನ್ನು ಕಸುಬುದಾರರ ಸಂಘಕ್ಕೂ ಸೇರಿಸುತ್ತಿರಲಿಲ್ಲ. ಆದರೆ ಅವನು ಬೀಸಿಕೊಟ್ಟ ಹಿಟ್ಟಿನ ರೊಟ್ಟಿಯನ್ನು ಎಲ್ಲರೂ ತಿನ್ನುತ್ತಿದ್ದರು!

ಇದನ್ನು ಯಾಕೆ ಬರೆದೆ ಅಂತ ಹೇಳುತ್ತೇನೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಕೊನೆಗೆ ಕುಲಾಲ ಅಂತ ಉಂಟು. ಕುಲಾಲ ಅಂದರೆ ಸಂಸ್ಕೃತದಲ್ಲಿ ಕುಂಬಾರ. ಕೆಲವರು "ಮಡಕೆ, ಮಡಕೆ" ಅಂತ ತಮಾಷೆ ಮಾಡಿದ್ದಕ್ಕೆ ನಾನು ಪುಸ್ತಕದ ಮೇಲೆ ಆ ಹೆಸರು ಬರೆಯುವುದನ್ನೇ ಬಿಟ್ಟಿದ್ದೆ. ಅಜ್ಜನಿಗೆ ಗೊತ್ತಾಗಿ, "ಮಣ್ಣು ತುಳಿದು ನಿನ್ನ ಅಪ್ಪನನ್ನು ಓದಿಸಿದ್ದು ಮಗಾ, ಕದ್ದು ಅಲ್ಲ" ಅಂತ ಹೇಳಿ ಸುಮ್ಮನಾದರು. ಆ ದಿನ ನನಗೆ ಊಟ ಸೇರಲಿಲ್ಲ.

ಹೆಸರು ನಮ್ಮ ಹಿರಿಯರು ಏನು ಕೆಲಸ ಮಾಡಿದರು ಅಂತ ಹೇಳಬಹುದು. ನಾವು ಎಂಥವರು ಅಂತ ಅದು ಹೇಳುವುದಿಲ್ಲ. ಅದನ್ನು ನಮ್ಮ ಕೆಲಸವೇ ಹೇಳಬೇಕು. ಫಾದರ್ ಮುಲ್ಲರ್ ಹಾಗೆ. ಈಗ ನಾನು ಪೂರ್ತಿ ಹೆಸರು ಬರೆಯುತ್ತೇನೆ.

ನಿಮಗೊಂದು ಕೆಲಸ: ನಿಮ್ಮ ಮನೆಯ ಹೆಸರು ಹೇಗೆ ಬಂತು ಅಂತ ಹಿರಿಯರಲ್ಲಿ ಕೇಳಿ. ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.